ಕಾರಿನ ನೀರು ಎಲ್ಲಿಗೆ ಹೋಗುತ್ತಿದೆ? ಹೆಡ್ ಬಿಚ್ಚಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದ ಹತ್ತಿರದ ಅಡಿಕೆ ಕೃಷಿಕ. ನನ್ನದು ಹದಿನಾಲ್ಕು ವರ್ಷ ಹಳೆಯ ಡೀಸೆಲ್ ಕಾರು, 1.6 ಲಕ್ಷ ಕಿಲೋಮೀಟರ್ ಓಡಿದೆ. ಈಚೆಗೆ ಹತ್ತು ದಿನಕ್ಕೊಮ್ಮೆ ಕೂಲೆಂಟ್ ಬಾಟಲಿಯ ನೀರು ಸುಮಾರು ಅರ್ಧ ಲೀಟರ್ ಇಳಿಯುತ್ತದೆ. ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಬಿಲದ) ನೀರು ತುಂಬಿಸುತ್ತಿದ್ದೇನೆ. ಶೆಡ್ಡಿನ ನೆಲದಲ್ಲಿ ಒಂದು ಹನಿಯೂ ಕಾಣುವುದಿಲ್ಲ. ಕಳೆದ ತಿಂಗಳು ಸಂಪಾಜೆ ಘಾಟಿ ಹತ್ತುವಾಗ ಬಿಸಿಯ ಮುಳ್ಳು ಮೇಲೇರಿತು, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯಿತು. ಸರಿಯಾಯಿತೆಂದು ಮುಂದೆ ಹೋದರೆ ಕೆಂಪು ದೀಪ ಬಂತು. ನಿಲ್ಲಿಸಿ, ತಣಿಸಿ, ಎರಡು ಲೀಟರ್ ನೀರು ಹಾಕಿದ ಮೇಲೆ ಮಡಿಕೇರಿ ತಲುಪಿದೆವು. ಬೆಳಿಗ್ಗೆ ಬಿಳಿ ಹೊಗೆ ಬರುತ್ತದೆ, ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥದ್ದು ಅಂಟಿಕೊಂಡಿದೆ. ಕೆಲವೊಮ್ಮೆ ನೀರಿನ ಹನಿಯ ಚಿತ್ರವಿರುವ ಹಳದಿ ದೀಪವೂ ಉರಿಯುತ್ತದೆ. ಒಬ್ಬ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಪದರ) ಹೋಗಿದೆ, ನಲವತ್ತು ಸಾವಿರ ಬೇಕು ಎನ್ನುತ್ತಾರೆ. ಇನ್ನೊಬ್ಬರು ಸೋರಿಕೆ ನಿಲ್ಲಿಸುವ ಡಬ್ಬಿ ಔಷಧ ಹಾಕಿದರೆ ಸಾಕು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಹೊಗೆಯೂ ಅಲ್ಲ, ಬೆಣ್ಣೆಯೂ ಅಲ್ಲ. ಏರಿದ ಮುಳ್ಳು ತಾನಾಗಿ ಇಳಿಯಿತು, ಹಾಗಾಗಿ ಹೊರಟೆವು ಎಂದಿರಲ್ಲ, ಅದು. ಬಿಸಿ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಇಳಿದು ಅದರ ತುದಿ ಆವಿಯಲ್ಲೋ ಗಾಳಿಯಲ್ಲೋ ನಿಂತಿತೆಂದರೆ, ಪಕ್ಕದ ಲೋಹ ಕಾದು ಕೆಂಡದಂತಿದ್ದರೂ ಮುಳ್ಳು ಕೆಳಗೆ ಬರುತ್ತದೆ. ಘಾಟಿ ಹತ್ತುವಾಗ, ಕಾರಣವಿಲ್ಲದೆ, ಏರಿದ ಮುಳ್ಳು ಥಟ್ಟನೆ ಇಳಿದರೆ ಎಂಜಿನ್ ತಣಿಯಿತೆಂದು ತಿಳಿಯಬೇಡಿ, ನೀರು ಮುಗಿಯಿತೆಂದು ತಿಳಿಯಿರಿ. ಆ ದಿನ ಕೆಂಪು ದೀಪ ಕಂಡ ಕೂಡಲೇ ನಿಲ್ಲಿಸಿದ್ದೀರಿ, ಒಳ್ಳೆಯದಾಯಿತು. ಇನ್ನೂ ಎರಡು ತಿರುವು ಹತ್ತಿದ್ದರೆ ಅಲ್ಯೂಮಿನಿಯಮ್ ಹೆಡ್ ಬಾಗಿ, ಈಗಿನ ಅನುಮಾನ ನಿಜವೇ ಆಗಿಬಿಡುತ್ತಿತ್ತು.

ಎರಡನೆಯದು ಆ ಹಳದಿ ದೀಪ. ಅದಕ್ಕೂ ರೇಡಿಯೇಟರಿನ ನೀರಿಗೂ ಸಂಬಂಧವಿಲ್ಲ. ಎಂಜಿನ್ ಬಿಸಿಯ ಚಿಹ್ನೆಯಲ್ಲಿ ಅಲೆಗಳ ಮೇಲೆ ನಿಂತ ಥರ್ಮಾಮೀಟರ್ ಇರುತ್ತದೆ. ಫಿಲ್ಟರಿನಂಥ ಚಿತ್ರದ ಅಡಿಯಲ್ಲಿ ಹನಿಗಳಿದ್ದರೆ, ಡೀಸೆಲ್ ಫಿಲ್ಟರಿನಲ್ಲಿ ನೀರು ಸೇರಿದೆ ಎಂದು ಅರ್ಥ. ‘ನೀರಿನ ದೀಪ’ ಎಂದು ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಈ ಗೊಂದಲ ನಮ್ಮ ಕಡೆ ಬಹಳ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಕಟ್ಟಿ ಹನಿಯಾಗಿ ಇಳಿಯುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಎಂಜಿನ್ನಿಗೆಂದು ಕೊಟ್ಟಿಗೆಯಲ್ಲಿ ಕ್ಯಾನಿನಲ್ಲಿ ಇಟ್ಟ ಡೀಸೆಲನ್ನು ತುರ್ತಿಗೆ ಕಾರಿಗೆ ಸುರಿಯುವವರೂ ಇದ್ದಾರೆ; ನೀವು ಹಾಗೆ ಮಾಡಿದ್ದರೆ ಇನ್ನು ಬೇಡ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ನಳಿಗೆಯಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಇಂಧನದ ಒತ್ತಡ ಸಾವಿರ ಬಾರ್ ಮೀರುತ್ತದೆ (ಒಂದು ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು), ಆ ಪಂಪಿಗೂ ಇಂಜೆಕ್ಟರುಗಳಿಗೂ ಡೀಸೆಲೇ ಎಣ್ಣೆ. ಅದರಲ್ಲಿ ನೀರು ಬೆರೆತರೆ ಒಳಗೆಲ್ಲ ಗೀರು ಬೀಳುತ್ತದೆ, ಅದರ ಖರ್ಚು ಹೆಡ್ ಗ್ಯಾಸ್ಕೆಟ್‌ಗಿಂತ ದೊಡ್ಡದು. ಹಾಗಾಗಿ ಮೊದಲ ಕೆಲಸ ಇದೇ: ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ, ಒಂದು ಗಾಜಿನ ಬಾಟಲಿಗೆ ಡೀಸೆಲ್ ಇಳಿಸಿ. ಐದು ನಿಮಿಷ ಬಿಟ್ಟರೆ ನೀರು ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಬರೀ ಡೀಸೆಲ್ ಬರುವವರೆಗೆ ಇಳಿಸಿ. ಫಿಲ್ಟರ್ ಹಳೆಯದಾಗಿದ್ದರೆ ಬದಲಾಯಿಸಿಬಿಡಿ.

ಇನ್ನು ಕೂಲೆಂಟ್. ಎಂಜಿನ್ ತಣಿಸುವ ನೀರು ಸುತ್ತುವುದು ಮುಚ್ಚಿದ ದಾರಿಯಲ್ಲಿ. ವರ್ಷಕ್ಕೊಮ್ಮೆ ಬೆರಳಗಲ ಇಳಿದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹತ್ತು ದಿನಕ್ಕೆ ಅರ್ಧ ಲೀಟರ್ ಎಂದರೆ ದಿನಕ್ಕೆ 50 ಮಿಲಿ, ಎಲ್ಲೋ ದಾರಿ ಮಾಡಿಕೊಂಡು ಹೋಗುತ್ತಿದೆ. ಇಷ್ಟು ನೀರು ಸೋರಿದರೂ ನೆಲದಲ್ಲಿ ಕಾಣದಿರುವುದು ಆಶ್ಚರ್ಯವಲ್ಲ. ಬಿಸಿ ಬ್ಲಾಕಿನ ಮೇಲೋ ಎಕ್ಸಾಸ್ಟ್ ಪೈಪಿನ ಮೇಲೋ ಹನಿ ಬಿದ್ದರೆ ಅಲ್ಲೇ ಆವಿ. ಓಡುವಾಗ ಮಾತ್ರ ಒತ್ತಡಕ್ಕೆ ಸೋರುವ ಜಾಗವಿದ್ದರೆ ಆ ಹನಿ ಬೀಳುವುದು ದಾರಿಯಲ್ಲಿ, ನಿಮ್ಮ ಶೆಡ್ಡಿನಲ್ಲಲ್ಲ. ಆದ್ದರಿಂದ ‘ನೆಲ ಒಣಗಿದೆ, ಹಾಗಾದರೆ ಹೆಡ್ಡೇ’ ಎನ್ನುವ ತರ್ಕವನ್ನು ನಾನು ಒಪ್ಪುವುದಿಲ್ಲ.

ಬಾಟಲಿಯ ಮುಚ್ಚಳದಿಂದಲೇ ಶುರು ಮಾಡುತ್ತೇನೆ, ಅದಕ್ಕೆ ಕಾರಣವಿದೆ. ಆ ಮುಚ್ಚಳ ಬರೀ ಮುಚ್ಚಳವಲ್ಲ, ಒತ್ತಡ ಹಿಡಿದಿಡುವ ವಾಲ್ವ್. ಬಿಸಿಯಾದಾಗ ಒಳಗೆ ಸುಮಾರು ಒಂದು ಬಾರ್, ಕೆಲವು ಕಾರುಗಳಲ್ಲಿ ಅದಕ್ಕಿಂತ ತುಸು ಹೆಚ್ಚು ಒತ್ತಡ ನಿಲ್ಲಿಸುತ್ತದೆ. ಒಂದು ಬಾರ್ ಹೆಚ್ಚುವರಿ ಒತ್ತಡದಲ್ಲಿ ಬರೀ ನೀರೂ 100 ಡಿಗ್ರಿಯಲ್ಲಿ ಕುದಿಯದೆ 120ರವರೆಗೆ ತಡೆದುಕೊಳ್ಳುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಇದ್ದರೆ ಇನ್ನೂ ಮೇಲೆ. ಮುಚ್ಚಳದ ಸ್ಪ್ರಿಂಗ್ ಸೋತರೆ, ರಬ್ಬರ್ ಸವೆದರೆ, ಈ ರಕ್ಷಣೆ ಹೋಯಿತು. ಬಯಲಿನಲ್ಲಿ ಏನೂ ಗೊತ್ತಾಗುವುದಿಲ್ಲ, ಘಾಟಿಯಲ್ಲಿ ನೀರು ಕುದಿದು ಮುಚ್ಚಳದ ಸಂದಿಯಿಂದ ಆವಿಯಾಗಿ ಹೋಗುತ್ತದೆ. ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿನಲ್ಲಿ ಒಂದು ಜೀಪಿನ ಹೆಡ್ ಬಿಚ್ಚಿ, ಗ್ಯಾಸ್ಕೆಟ್ ಹೊಸತು ಹಾಕಿ ಕಳಿಸಿದೆವು. ಎರಡೇ ವಾರದಲ್ಲಿ ಅದೇ ದೂರಿನೊಂದಿಗೆ ಜೀಪು ಮರಳಿತು. ತಪ್ಪಿದ್ದದ್ದು ಮುಚ್ಚಳದಲ್ಲಿ. ಆ ವರ್ಷದ ಅಡಿಕೆಯ ದುಡ್ಡಿನಲ್ಲಿ ಒಂದು ಪಾಲನ್ನು ಆ ಮನೆಯವರು ಸುಮ್ಮನೆ ನಮಗೆ ಕೊಟ್ಟಿದ್ದರು. ಅಂದಿನಿಂದ ಮುಚ್ಚಳ ಪರೀಕ್ಷಿಸದೆ ನಾನು ಯಾವ ಹೆಡ್ಡಿಗೂ ಸ್ಪ್ಯಾನರ್ ಹಾಕಿಲ್ಲ. ನಿಮ್ಮ ಕಾರಿನದ್ದೇ ಒತ್ತಡದ ಅಂಕಿ ಬರೆದಿರುವ ಹೊಸ ಮುಚ್ಚಳ ತಂದು ಹಾಕಿ. ಹೆಚ್ಚು ಒತ್ತಡದ್ದು ಒಳ್ಳೆಯದೆಂದು ಬೇರೆ ಗಾಡಿಯದ್ದನ್ನು ಹಾಕಬೇಡಿ, ಹಳೆಯ ಪ್ಲಾಸ್ಟಿಕ್ ಟ್ಯಾಂಕ್ ಅದನ್ನು ತಾಳುವುದಿಲ್ಲ.

ಆಮೇಲೆ ಎರಡು ಬೆಳಿಗ್ಗೆಗಳನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ರಾತ್ರಿಯಿಡೀ ನಿಂತ, ಪೂರ್ತಿ ತಣಿದ ಎಂಜಿನ್ ಬೇಕು. ಬಾಟಲಿಯ ಮಟ್ಟಕ್ಕೆ ಸರಿಯಾಗಿ ಒಂದು ಟೇಪ್ ಅಂಟಿಸಿ. ಇನ್ನು ಮುಂದೆ ಮಟ್ಟ ನೋಡುವುದು ಬೆಳಿಗ್ಗೆ ಮಾತ್ರ. ಬಿಸಿಯಲ್ಲಿ ಕೂಲೆಂಟ್ ಹಿಗ್ಗುವುದರಿಂದ ಸಂಜೆಯ ಮಟ್ಟ ನಂಬುವಂಥದ್ದಲ್ಲ. ಮುಚ್ಚಳ ನಿಧಾನ ತಿರುಗಿಸಿ. ರಾತ್ರಿಯಿಡೀ ತಣಿದ ಮೇಲೂ ‘ಉಸ್’ ಎಂದು ಗಾಳಿ ಹೊರಬಂದರೆ ಅದನ್ನು ಬರೆದಿಟ್ಟುಕೊಳ್ಳಿ. ತಣ್ಣಗಿನ ನೀರಿನಲ್ಲಿ ಒತ್ತಡ ಉಳಿಯಬಾರದು. ಉಳಿದಿದ್ದರೆ ಹೊರಗಿನಿಂದ ಅನಿಲ ಸೇರಿದೆ. ಮುಚ್ಚಳ ಮತ್ತೆ ಬಿಗಿದು ಎಂಜಿನ್ ಚಾಲೂ ಮಾಡಿ, ಒಂದೆರಡು ನಿಮಿಷದಲ್ಲಿ ರೇಡಿಯೇಟರಿನ ಮೇಲಿನ ಹೋಸನ್ನು ಹಿಂಡಿ ನೋಡಿ, ಫ್ಯಾನಿನಿಂದ ಕೈ ದೂರವಿರಲಿ. ಹೋಸ್ ಇನ್ನೂ ತಣ್ಣಗಿದ್ದೇ ಕಲ್ಲಿನಂತೆ ಗಟ್ಟಿಯಾಗಿದ್ದರೆ ಸಿಲಿಂಡರಿನ ಉರಿಯ ಅನಿಲ ನೀರಿನ ದಾರಿಗೆ ನುಗ್ಗುತ್ತಿದೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಉರಿಯುವ ಕ್ಷಣದ ಒತ್ತಡ ನೂರು ಬಾರ್ ದಾಟುವುದುಂಟು, ಗ್ಯಾಸ್ಕೆಟ್ಟಿನಲ್ಲಿ ಕೂದಲೆಳೆಯ ದಾರಿ ಸಿಕ್ಕರೂ ಸಾಕು. ಈ ಎರಡು ಲಕ್ಷಣವೂ ಇಲ್ಲವೆಂದರೆ ಹೆಡ್ ಗ್ಯಾಸ್ಕೆಟ್ ಅನುಮಾನ ನನ್ನ ಮಟ್ಟಿಗೆ ಅರ್ಧಕ್ಕೆ ಇಳಿಯುತ್ತದೆ.

ಟಾರ್ಚ್ ಹಿಡಿದು ಸುತ್ತಲೂ ನೋಡಿ. ನೀವು ಹುಡುಕಬೇಕಾದದ್ದು ನೀರನ್ನಲ್ಲ, ಒಣಗಿದ ಕಲೆಯನ್ನು: ಬಿಳಿ, ಹಸಿರು ಅಥವಾ ಗುಲಾಬಿ ಪುಡಿಯ ಗೆರೆ. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಅಲ್ಯೂಮಿನಿಯಮ್ಮಿಗೆ ಸೇರುವ ಅಂಚು, ಹೋಸ್ ಕ್ಲ್ಯಾಂಪುಗಳು, ಥರ್ಮೋಸ್ಟಾಟ್ ಇರುವ ಪ್ಲಾಸ್ಟಿಕ್ ಮನೆ, ಇವು ಹಳೆಯ ಕಾರಿನಲ್ಲಿ ಮೊದಲು ಸೋಲುವ ಜಾಗಗಳು. ಕೆಲವು ಸಂದಿಗಳು ತಣ್ಣಗಿದ್ದಾಗ ಮಾತ್ರ ಸೋರಿ, ಬಿಸಿಗೆ ಹಿಗ್ಗಿ ಮುಚ್ಚಿಕೊಳ್ಳುತ್ತವೆ, ಬಿಸಿ ಗಾಡಿಯನ್ನು ನೋಡಿದ ಮೆಕ್ಯಾನಿಕ್‌ಗೆ ಅದು ಸಿಗುವುದಿಲ್ಲ. ವಾಟರ್ ಪಂಪಿನ ಕೆಳಗೆ ಬೇಕೆಂದೇ ಬಿಟ್ಟ ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ಅಲ್ಲಿಂದ ಕಣ್ಣೀರಿನಂತೆ ಜಿನುಗುತ್ತದೆ. ಪಂಪನ್ನೂ ಆಲ್ಟರ್ನೇಟರನ್ನೂ ಒಂದೇ ಬೆಲ್ಟ್ ತಿರುಗಿಸುವ ಕಾರುಗಳು ಹಲವು ಇವೆ. ಅಂಥ ಕಾರಿನಲ್ಲಿ ಬ್ಯಾಟರಿಯ ಕೆಂಪು ದೀಪವೂ ಬಿಸಿಯ ಸೂಚನೆಯೂ ಒಟ್ಟಿಗೆ ಬಂದರೆ ಬೆಲ್ಟ್ ತುಂಡಾಗಿದೆ ಎಂದು ಬಾನೆಟ್ ತೆರೆಯದೆಯೇ ಹೇಳಬಹುದು, ಅಲ್ಲಿಂದ ಒಂದು ಫರ್ಲಾಂಗೂ ಓಡಿಸಬಾರದು.

ಜೊತೆಗೆ, ಎಡಗಡೆಯ ಸೀಟಿನ ಮುಂದಿನ ಕಾರ್ಪೆಟ್ಟಿನ ಅಡಿಗೆ ಕೈ ಹಾಕಿ. ನಮ್ಮಲ್ಲಿ ಹೀಟರ್ ಬಳಸುವವರಿಲ್ಲ, ಆದರೆ ಅನೇಕ ಕಾರುಗಳಲ್ಲಿ ಹೀಟರಿನ ಪುಟ್ಟ ರೇಡಿಯೇಟರಿನಲ್ಲಿ ಕೂಲೆಂಟ್ ಸದಾ ಹರಿಯುತ್ತಿರುತ್ತದೆ. ಅದು ಸೋರಿದರೆ ಕಾರ್ಪೆಟ್ ಅಂಟಂಟು, ಗಾಜಿನ ಒಳಗೆ ಎಣ್ಣೆ ಸವರಿದಂಥ ಮಂಜು, ಸಿಹಿ ವಾಸನೆ. ನಮ್ಮ ಕರಾವಳಿಯ ಸೆಖೆಯಲ್ಲಿ ಏಸಿಯ ನೀರೂ ಧಾರಾಳ ತೊಟ್ಟಿಕ್ಕುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಬೆರಳಿಗೆ ಜಾರುವುದೂ ಇಲ್ಲ.

ಬೆಣ್ಣೆಯ ವಿಷಯಕ್ಕೆ ಬರುತ್ತೇನೆ. ಆಯಿಲ್ ಮುಚ್ಚಳದೊಳಗಿನ ತಿಳಿ ಕಂದು ಮುದ್ದೆ ನೋಡಿ ಹೆಡ್ ಬಿಚ್ಚಿದ ಗಾಡಿಗಳು ಎಷ್ಟೋ. ಪೆರ್ಲ ಪೇಟೆಗೆ ಹೋಗಿ ಹಾಲು, ತರಕಾರಿ ತಂದು ನಿಲ್ಲಿಸುವ ಕಾರಿನಲ್ಲಿ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಮಳೆಗಾಲದ ಆಟಿ ತಿಂಗಳ ತೇವ ಒಳಗೆ ಸೇರಿ ಎಂಜಿನ್ನಿನ ತಣ್ಣಗಿನ ಜಾಗವಾದ ಆ ಮುಚ್ಚಳದಲ್ಲೇ ಕಟ್ಟುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ನೋಡಿ. ಅದರಲ್ಲಿ ಆಯಿಲ್ ಕಪ್ಪಗೆ ತಿಳಿಯಾಗಿದ್ದು, ಮಟ್ಟ ಏರದಿದ್ದರೆ ಮುಚ್ಚಳವನ್ನು ಒರೆಸಿ, ಕಾರನ್ನು ಒಮ್ಮೆ ಪುತ್ತೂರಿಗೋ ಮಂಗಳೂರಿಗೋ ಒಂದೇ ಓಟದಲ್ಲಿ ಕೊಂಡೊಯ್ಯಿರಿ. ಅದು ಮರಳಿ ಬರಲಿಕ್ಕಿಲ್ಲ. ಡಿಪ್‌ಸ್ಟಿಕ್ಕಿನಲ್ಲೇ ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ಮಾತ್ರ ಅದು ಬೇರೆ ಕಥೆ. ಆಗ ಎಂಜಿನ್ನನ್ನು ಇನ್ನು ಚಾಲೂ ಮಾಡಬಾರದು, ನೀರು ಬೆರೆತ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತದೆ.

ಹಾಗೆ ಬೆರೆತಾಗಲೂ ಹೆಡ್ಡೊಂದೇ ಕಾರಣವಲ್ಲ. ಅನೇಕ ಡೀಸೆಲುಗಳಲ್ಲಿ ಆಯಿಲ್ ಫಿಲ್ಟರಿನ ಬಳಿ ನೀರಿನಿಂದ ಆಯಿಲನ್ನು ತಣಿಸುವ ಕೂಲರ್ ಇರುತ್ತದೆ. ಅದರ ಒಳಗೋಡೆ ತೂತಾದರೆ ಎಂಜಿನ್ ಓಡುವಾಗ ಆಯಿಲಿನ ಒತ್ತಡ ಮೇಲು, ಹಾಗಾಗಿ ಆಯಿಲ್ ಕೂಲೆಂಟ್ ಬಾಟಲಿಗೆ ಬರುತ್ತದೆ. ಎಂಜಿನ್ ಆಫ್ ಮಾಡಿದ ಮೇಲೆ ಆಯಿಲಿನ ಒತ್ತಡ ಸೊನ್ನೆ, ಬಿಸಿ ನೀರಿನ ಒತ್ತಡ ಇನ್ನೂ ಇರುತ್ತದೆ, ಆಗ ನೀರು ಆಯಿಲಿಗೆ ಇಳಿಯುತ್ತದೆ. ನಿಮ್ಮ ಬಾಟಲಿಯ ಒಳಗೆ ಎಣ್ಣೆಯ ಕೆನೆ ಇದೆಯೇ ನೋಡಿ. ಇದ್ದರೆ ಹೆಡ್ಡಿಗಿಂತ ಮೊದಲು ಆ ಕೂಲರನ್ನು ಬಿಚ್ಚಿಸಿ.

ಬಿಳಿ ಹೊಗೆ ಮೂರು ಬಗೆ. ಮಳೆಗಾಲದ, ಮಂಜಿನ ಬೆಳಿಗ್ಗೆಗಳ ಆವಿ ಎರಡು ಮೂರು ನಿಮಿಷದಲ್ಲಿ ಮಾಯವಾಗುತ್ತದೆ. ಕಣ್ಣು ಉರಿಸುವ, ಡೀಸೆಲ್ ನಾತದ ಬಿಳಿ ಹೊಗೆ ಬಂದರೆ ಅದು ಉರಿಯದೆ ಹೊರಬಂದ ಇಂಧನ. ತಣ್ಣಗಿನ ಎಂಜಿನ್ ಚಾಲೂ ಮಾಡುವಾಗ ಸಿಲಿಂಡರನ್ನು ಕಾಯಿಸುವ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ನೋಡಿಸಿ. ಎಂಜಿನ್ ಕಾದ ಮೇಲೂ ಬಿಡದೆ ಬರುವ, ಸಿಹಿ ವಾಸನೆಯ ದಟ್ಟ ಆವಿಯೇ ಕೂಲೆಂಟಿನದ್ದು. ನೀವು ಬರೀ ನೀರು ತುಂಬಿಸುತ್ತಾ ಬಂದಿರುವುದರಿಂದ ಸಿಹಿ ವಾಸನೆ ಕಡಿಮೆಯಿರಬಹುದು, ಹೊಗೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೇ ನಂಬಿ. ಕೂಲೆಂಟ್ ಉರಿಯುತ್ತಿದೆಯೆಂದು ಖಚಿತವಾದರೂ ಒಂದು ಅಂಗವನ್ನು ಕೇಳಿ ನೋಡಿ: ಇಜಿಆರ್ ಕೂಲರ್. ಎಕ್ಸಾಸ್ಟ್ ಅನಿಲದ ಒಂದು ಪಾಲನ್ನು ತಣಿಸಿ ಮತ್ತೆ ಎಂಜಿನ್ನಿಗೆ ಕಳಿಸುವ ಈ ಭಾಗ ಎಲ್ಲ ಕಾರುಗಳಲ್ಲೂ ಇಲ್ಲ. ಇದ್ದು, ಒಳಗೆ ಬಿರುಕು ಬಿಟ್ಟರೆ ಕೂಲೆಂಟ್ ಸೀದಾ ಎಂಜಿನ್ನಿನ ಉಸಿರಿಗೆ ಸೇರುತ್ತದೆ. ಹೊರಗೆ ಹನಿಯಿಲ್ಲ, ಆಯಿಲ್ ಸ್ವಚ್ಛ, ಹೋಸ್ ಗಟ್ಟಿಯಾಗುವುದಿಲ್ಲ, ಆದರೂ ನೀರು ಕಾಣೆ! ಪೈಪ್ ಬಿಚ್ಚಿದರೆ ಎಲ್ಲೆಡೆ ಒಣ ಮಸಿಯಿರಬೇಕಾದ ಜಾಗದಲ್ಲಿ ಒದ್ದೆ ಮಸಿಯೋ ತೊಳೆದಂಥ ಲೋಹವೋ ಕಾಣುತ್ತದೆ. ನೀವು ಬರೆದ ಲಕ್ಷಣಗಳಿಗೆ ಇದೂ ಚೆನ್ನಾಗಿ ಹೊಂದುತ್ತದೆ, ಇದನ್ನು ಸರಿಪಡಿಸಲು ಹೆಡ್ ಮುಟ್ಟಬೇಕಾಗಿಲ್ಲ.

ಇವಿಷ್ಟೂ ನೀವೇ ನೋಡಬಹುದಾದದ್ದು. ಮುಂದಿನದಕ್ಕೆ ಒತ್ತಡ ಪರೀಕ್ಷೆ ಮಾಡುವ ಕೈಪಂಪ್ ಇರುವ ವರ್ಕ್‌ಶಾಪ್ ಬೇಕು. ಬಾಟಲಿಯ ಬಾಯಿಗೆ ಪಂಪ್ ಸಿಕ್ಕಿಸಿ, ಮುಚ್ಚಳದಲ್ಲಿ ಬರೆದಷ್ಟೇ ಒತ್ತಡ ಕೊಟ್ಟು, ತಣ್ಣಗಿನ ಎಂಜಿನ್ನಿನಲ್ಲಿ ಇಪ್ಪತ್ತು ನಿಮಿಷ ಮುಳ್ಳು ನೋಡುತ್ತಾರೆ. ನಿಮ್ಮದು ನಿಧಾನದ ಸೋರಿಕೆ, ಇಪ್ಪತ್ತು ನಿಮಿಷ ಸಾಲದು. ಸಾಧ್ಯವಾದರೆ ರಾತ್ರಿಯಿಡೀ ಬಿಡಲು ಕೇಳಿ. ಬೆಳಿಗ್ಗೆ ಒತ್ತಡ ಇಳಿದಿದ್ದು ಹೊರಗೆಲ್ಲೂ ಒದ್ದೆಯಿಲ್ಲವೆಂದರೆ ನೀರು ಒಳಗೆ ಹೋಗಿದೆ. ಅಂಥ ಸ್ಥಿತಿಯಲ್ಲಿ ಸ್ಟಾರ್ಟರ್ ತಿರುಗಿಸಬೇಡಿ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗ್ಲೋ ಪ್ಲಗ್‌ಗಳನ್ನು ಬಿಚ್ಚಿ, ಆ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಬೇಕು. ಒಂದು ಪಿಸ್ಟನ್ ಮಾತ್ರ ಆವಿಯಲ್ಲಿ ತೊಳೆದಂತೆ ಹೊಳೆಯುತ್ತಿದ್ದರೆ ನೀರು ಇಳಿಯುತ್ತಿರುವ ಸಿಲಿಂಡರ್ ಅದೇ.

ಬಣ್ಣ ಬದಲಾಗುವ ದ್ರವದಿಂದ ಬಾಟಲಿಯ ಗಾಳಿ ಪರೀಕ್ಷಿಸುವ ಕ್ರಮವೂ ಇದೆ. ಸೋರಿಕೆ ಇದ್ದರೆ ಹೊಗೆಯ ಇಂಗಾಲದ ಡೈಆಕ್ಸೈಡ್ ತಗಲಿ ನೀಲಿ ದ್ರವ ಹಸಿರು ಅಥವಾ ಹಳದಿಗೆ ತಿರುಗುತ್ತದೆ. ಆದರೆ ಡೀಸೆಲ್ ಎಂಜಿನ್ ಸುಮ್ಮನೆ ನಿಂತು ಓಡುವಾಗ ಅದರ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಬಹಳ ಕಡಿಮೆ. ಗಾಡಿಯನ್ನು ಒಂದು ಏರು ಹತ್ತಿಸಿ, ತಂದ ಕೂಡಲೇ ಪರೀಕ್ಷಿಸದಿದ್ದರೆ ‘ಏನೂ ಇಲ್ಲ’ ಎಂಬ ಸುಳ್ಳು ಉತ್ತರ ಸಿಗುತ್ತದೆ. ಪರೀಕ್ಷೆಗೆ ಬಾಟಲಿ ತೆರೆಯುವ ಕೆಲಸ ವರ್ಕ್‌ಶಾಪಿನವರದ್ದು, ಬಿಸಿ ಎಂಜಿನ್ನಿನ ಮುಚ್ಚಳಕ್ಕೆ ನೀವು ಕೈ ಹಾಕಬೇಡಿ.

ಡಬ್ಬಿ ಔಷಧ ಬೇಡವೇ ಬೇಡ. ಅದು ಸೋರುವ ತೂತನ್ನು ಮುಚ್ಚುವಂತೆ ರೇಡಿಯೇಟರಿನ ಸಣ್ಣ ನಾಳಗಳನ್ನೂ ಹೀಟರನ್ನೂ ಮುಚ್ಚುತ್ತದೆ, ಮುಂದೆ ಘಾಟಿಯಲ್ಲಿ ಬಿಸಿಯಾಗಲು ಹೊಸ ಕಾರಣವೊಂದು ಸೇರಿಕೊಳ್ಳುತ್ತದೆ.

ಸುರಂಗದ ನೀರಿನ ಬಗ್ಗೆ ಹೇಳದೆ ಇರಲಾರೆ. ಕುಡಿಯಲು ಅದರಷ್ಟು ರುಚಿಯಾದ ನೀರಿಲ್ಲ, ನಾನೂ ಅದನ್ನೇ ಕುಡಿದು ಬೆಳೆದವನು. ಆದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಮೂಲಕ ಇಳಿದು ಬರುವ ನೀರು ಸಾಮಾನ್ಯವಾಗಿ ತುಸು ಆಮ್ಲೀಯ, ಅದು ಅಲ್ಯೂಮಿನಿಯಮ್ಮನ್ನು ಮೆಲ್ಲಗೆ ತಿನ್ನುತ್ತದೆ. ಮಂಜೇಶ್ವರ, ಕುಂಬಳೆ ಕಡೆಯ ಕಡಲ ಬದಿಯಲ್ಲಿ ಉಪ್ಪು ಸೇರಿದ ಬೋರ್‌ವೆಲ್ ನೀರು ಇನ್ನೂ ಕೆಟ್ಟದು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಹಾಗಿರುವಾಗ ಕೂಲೆಂಟ್ ಯಾಕೆ ಎಂದು ಕೇಳುವವರಿದ್ದಾರೆ. ನಮಗೆ ಅದು ಬೇಕಿರುವುದು ತುಕ್ಕು ತಡೆಯಲು, ಕುದಿಯುವ ಮಟ್ಟ ಏರಿಸಲು. ಸೋರಿಕೆ ಸರಿಯಾದ ಮೇಲೆ ಹಳೆಯದನ್ನೆಲ್ಲ ಇಳಿಸಿ, ತೊಳೆದು, ನಿಮ್ಮ ಕಾರಿನ ಕೈಪಿಡಿ ಹೇಳುವ ಬಗೆಯ ಕೂಲೆಂಟನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ ತುಂಬಿಸಿ. ಬಣ್ಣ ನೋಡಿ ಕೊಳ್ಳಬೇಡಿ. ಒಂದೇ ಹಸಿರಿನಲ್ಲಿ ಬೇರೆ ಬೇರೆ ರಸಾಯನವಿರುತ್ತದೆ, ಹೊಂದದವು ಬೆರೆತರೆ ಲೋಳೆಯಾಗುತ್ತದೆ. ತುಂಬಿಸುವಾಗ ಹೀಟರ್ ನಾಬ್ ಪೂರ್ತಿ ಬಿಸಿಗೆ ತಿರುಗಿಸಿಟ್ಟು ಒಳಗಿನ ಗಾಳಿ ತೆಗೆಸಿ. ಒಂದೆರಡು ದಿನ ಮಟ್ಟ ತುಸು ಇಳಿದರೆ ಅದು ಗಾಳಿ ಹೋದ ಜಾಗ, ಗಾಬರಿ ಬೇಡ.

ಇದೆಲ್ಲ ಮುಗಿಯುವವರೆಗೆ ಸಂಪಾಜೆಯ ಕಡೆ ಹೋಗಬೇಡಿ. ಬೇರೆಲ್ಲಾದರೂ ಮುಳ್ಳು ಏರಿದರೆ ಏಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಗಾಳಿ ಜೋರು ಮಾಡಿ, ಕಿಟಕಿ ಇಳಿಸಿ, ಮೊದಲು ಸಿಕ್ಕ ಅಗಲದ ಜಾಗದಲ್ಲಿ ನಿಲ್ಲಿ. ಕೆಂಪು ದೀಪ ಬಂದರೆ ಅಥವಾ ಆವಿ ಕಂಡರೆ ಎಂಜಿನ್ ಆಫ್. ಒಂದು ಗಂಟೆಯಾದರೂ ಮುಚ್ಚಳ ಮುಟ್ಟಬೇಡಿ. ಒತ್ತಡ ಬಿಟ್ಟ ಕೂಡಲೇ ಒಳಗಿನದೆಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ದರೆ ಹೆಡ್ ಬಿರುಕು ಬಿಡುತ್ತದೆ.

ಕೊನೆಗೂ ಹೆಡ್ ಬಿಚ್ಚಲೇಬೇಕು ಎಂದಾದರೆ, ದರ ಮಾತಾಡುವ ಮೊದಲೇ ನಾಲ್ಕು ಕೆಲಸ ಕೇಳಿ. ಹೆಡ್ ಬಾಗಿದೆಯೇ ಎಂದು ನೇರ ಪಟ್ಟಿ ಇಟ್ಟು ಅಳೆಯಬೇಕು, ಬಿರುಕಿದೆಯೇ ಎಂದು ಒತ್ತಡದಲ್ಲಿ ಪರೀಕ್ಷಿಸಬೇಕು. ಸುಮ್ಮನೆ ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸುವುದು ಬೇಡ, ಕೆಲವು ಡೀಸೆಲ್ ಹೆಡ್‌ಗಳನ್ನು ಉಜ್ಜಲು ಕಂಪನಿ ಒಪ್ಪುವುದೇ ಇಲ್ಲ. ಗ್ಯಾಸ್ಕೆಟ್ ಹಲವು ದಪ್ಪಗಳಲ್ಲಿ ಬರುವುದಾದರೆ ಅಂಚಿನ ಗುರುತು ನೋಡಿ ಅದೇ ದಪ್ಪದ್ದು ತರಿಸಬೇಕು. ಹಿಗ್ಗುವ ಬಗೆಯ ಬೋಲ್ಟ್‌ಗಳಾಗಿದ್ದರೆ ಹೊಸತೇ ಹಾಕಬೇಕು. ನಿಮ್ಮ ಕಾರಿಗೆ ಮುಂದಿನ ವರ್ಷ ಹದಿನೈದು ತುಂಬುತ್ತದೆ, ಐದು ವರ್ಷಕ್ಕೆ ನೋಂದಣಿ ನವೀಕರಿಸುವ ಖರ್ಚೂ ಇದೆ. ಬಾಡಿ ತುಕ್ಕು ಹಿಡಿಯದೆ, ಕ್ಲಚ್ಚು, ಟರ್ಬೊ ಚೆನ್ನಾಗಿದ್ದರೆ ನಲವತ್ತು ಸಾವಿರ ದಂಡವಲ್ಲ. ಅವೂ ಸೋತಿದ್ದರೆ ನಾನಾದರೆ ಆ ದುಡ್ಡು ಹಾಕುತ್ತಿರಲಿಲ್ಲ.

ಇಳಿಸಿದ ಹಳೆಯ ಕೂಲೆಂಟನ್ನು ಅಂಗಳಕ್ಕೋ ತೋಟದ ಕಣಿಗೋ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ನೆಕ್ಕುತ್ತದೆ, ಹಟ್ಟಿಯ ಕರುವೂ ನೆಕ್ಕೀತು. ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಬಿಗಿ ಮುಚ್ಚಳದ ಕ್ಯಾನಿಗೆ ತುಂಬಿಸಿ, ಮೇಲೆ ‘ವಿಷ’ ಎಂದು ಬರೆದು, ವರ್ಕ್‌ಶಾಪಿಗೆ ಒಪ್ಪಿಸಿ.